ಎಂಎಸ್ ಇದೆ, ಆದರೆ ಕಾಣಲ್ಲ: ಕಾಯಿಲೆ, ಕಾರ್ಡು, ಕಚೇರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವವರು ಮತ್ತು ಅವರ ಮನೆಯವರು ಫೋನಿನಲ್ಲಿ, ಪತ್ರದಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೇಳಿದ ಪ್ರಶ್ನೆಗಳಿವು. ಆದಷ್ಟು ಅವರ ಮಾತಲ್ಲೇ ಇಟ್ಟಿದ್ದೇನೆ. ನನಗೂ ಇದೇ ಕಾಯಿಲೆ. ನಾನು ಡಾಕ್ಟರೂ ಅಲ್ಲ, ವಕೀಲೆಯೂ ಅಲ್ಲ. ಔಷಧಿ ವಿಷಯಕ್ಕೆ ನಿಮ್ಮ ನರರೋಗ ತಜ್ಞರ ಮಾತೇ ಕೊನೆ. ಸೌಲಭ್ಯಗಳ ಭಾಗ ಕರ್ನಾಟಕದಲ್ಲಿರುವವರಿಗೆ.

## ಕಾಯಿಲೆ ಬಗ್ಗೆ

"ಎಂಎಸ್ ಅಂದ್ರೆ ಏನು? ಡಾಕ್ಟರ್ ಹೇಳಿದ್ದು ತಲೆಗೆ ಹೋಗಲಿಲ್ಲ."

ಮೆದುಳು ಮತ್ತು ಬೆನ್ನುಹುರಿಯ ನರಗಳ ಮೇಲೆ ಮಯಲಿನ್ ಅನ್ನೋ ಹೊದಿಕೆ ಇರುತ್ತದೆ, ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಇದ್ದ ಹಾಗೆ. ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮದೇ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಈ ಹೊದಿಕೆಯನ್ನು ಹಾಳು ಮಾಡುತ್ತದೆ. ಹಾಳಾದ ಜಾಗದಲ್ಲಿ ಸಂದೇಶ ನಿಧಾನ ಆಗುತ್ತೆ, ಇಲ್ಲಾ ನಿಂತೇ ಹೋಗುತ್ತೆ. ಕಣ್ಣಿನ ನರಕ್ಕೆ ಬಂದರೆ ಒಂದು ಕಣ್ಣು ಮಂಜಾಗುತ್ತದೆ, ಕಣ್ಣು ಹೊರಳಿಸಿದರೆ ನೋವು. ಬೆನ್ನುಹುರಿಗೆ ಬಂದರೆ ಕಾಲು ಭಾರ, ಜೋಮು, ಮೂತ್ರ ತಡೆಯೋಕೆ ಆಗಲ್ಲ. ಹಾಗಾಗಿ ಒಬ್ಬರ ಎಂಎಸ್ ಇನ್ನೊಬ್ಬರ ಹಾಗೆ ಇರೋದಿಲ್ಲ. ಪಕ್ಕದ ಊರಿನವರಿಗೆ ಏನಾಯ್ತು ಅಂತ ಕೇಳಿ ಹೆದರಬೇಡಿ.

ಹೊಸ ಕಾಯಿಲೆಯೇನಲ್ಲ. ಫ್ರಾನ್ಸಿನ ಶಾರ್ಕೋ ಅನ್ನೋ ವೈದ್ಯರು 1868ರಲ್ಲೇ ಇದನ್ನು ಸ್ಪಷ್ಟವಾಗಿ ಗುರುತಿಸಿದ್ದರು. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ, ಹೆಂಗಸರಲ್ಲಿ ಜಾಸ್ತಿ. ಹೆಚ್ಚಿನವರಲ್ಲಿ ಮೊದಮೊದಲು ಬಂದು ಹೋಗುವ ರೀತಿ ಇರುತ್ತದೆ: ಕೆಲವು ದಿನ ಅಥವಾ ವಾರ ತೊಂದರೆ (ಇದನ್ನೇ ಅಟ್ಯಾಕ್ ಅಂತೀವಿ), ಆಮೇಲೆ ಪೂರ್ತಿಯೋ ಅರ್ಧವೋ ಸುಧಾರಣೆ. ಈ ಬಂದು ಹೋಗುವ ಗುಣದಿಂದಲೇ "ನಾಟಕ ಮಾಡ್ತಾಳೆ" ಅನ್ನಿಸಿಕೊಳ್ಳಬೇಕಾಗುತ್ತದೆ.

"ನೋಡೋಕೆ ಚೆನ್ನಾಗೇ ಇದ್ದಾಳಲ್ಲಾ, ಕಾಯಿಲೆ ಎಲ್ಲಿದೆ?"

ಇದನ್ನು ಕೇಳುವವರು ಸಾಮಾನ್ಯವಾಗಿ ಅತ್ತೆ, ಗಂಡ, ಇಲ್ಲಾ ಆಫೀಸಿನ ಮೇಲಿನವರು. ಅವರಿಗಾಗಿಯೇ ಬರೆಯುತ್ತೇನೆ.

ಎಂಎಸ್‌ನಲ್ಲಿ ಬಹಳ ಜನರನ್ನು ಕಾಡುವುದು ಸುಸ್ತು. ಕೆಲಸ ಮಾಡಿ ಬರುವ ಸುಸ್ತಲ್ಲ ಅದು. ಒಳ್ಳೆ ನಿದ್ದೆ ಮಾಡಿ ಎದ್ದವಳು ಬೆಳಿಗ್ಗೆ ಹತ್ತಕ್ಕೆ ಅಡುಗೆಮನೆ ಕಟ್ಟೆ ಹಿಡಿದು ನಿಂತಿರುತ್ತಾಳೆ. ಚಪಾತಿ ಹಿಟ್ಟು ಕಲಸಿದ್ದಾಳೆ, ಲಟ್ಟಿಸೋಕೆ ಕೈ ಏಳುತ್ತಿಲ್ಲ. ಅರ್ಧ ಗಂಟೆ ಮಲಗಿ ಎದ್ದು ಮತ್ತೆ ಲಟ್ಟಿಸುತ್ತಾಳೆ. ನೀವು ನೋಡುವುದು ಆ ಮಲಗಿದ ಅರ್ಧ ಗಂಟೆಯನ್ನು ಮಾತ್ರ. ಇದರ ಜೊತೆಗೆ ಮರೆವು, ಮಾತು ಹುಡುಕಾಡುವುದು, ತಲೆಸುತ್ತು, ಅಂಗಾಲಲ್ಲಿ ಉರಿ. ಯಾವುದೂ ಹೊರಗೆ ಕಾಣುವಂಥದ್ದಲ್ಲ.

ಮದುವೆ ಮನೆಗೆ ರೇಷ್ಮೆ ಸೀರೆ ಉಟ್ಟು ಬಂದು ಎರಡು ಗಂಟೆ ನಗುನಗುತ್ತಾ ಕೂತವಳು ಮರುದಿನ ಪೂರ್ತಿ ಹಾಸಿಗೆ ಹಿಡಿಯಬಹುದು. ನಿನ್ನೆ ಆಗಿದ್ದು ಇವತ್ತು ಯಾಕೆ ಆಗಲ್ಲ ಅಂತ ಕೇಳಬೇಡಿ. ನಿನ್ನೆ ಆಗಿದ್ದಕ್ಕೇ ಇವತ್ತು ಆಗುತ್ತಿಲ್ಲ.

"ಅಂಟುತ್ತಾ? ಮಕ್ಕಳಿಗೆ ಬರುತ್ತಾ?"

ಅಂಟಲ್ಲ. ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ತಂದೆ ಅಥವಾ ತಾಯಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಜಾಸ್ತಿ, ಆದರೂ ನೂರಕ್ಕೆ ಎರಡು ಮೂರರ ಆಸುಪಾಸು. ಎಂಎಸ್ ಇರುವವರು ಮಕ್ಕಳನ್ನು ಹೆರಬಹುದು. ಬಸಿರಲ್ಲಿ ಅಟ್ಯಾಕ್ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಜಾಸ್ತಿಯಾಗಬಹುದು. ಬಾಣಂತನಕ್ಕೆ ಕೈ ಜಾಸ್ತಿ ಬೇಕು ಅಂತ ಮೊದಲೇ ಯೋಚಿಸಿಡಿ. ಕೆಲವು ಮಾತ್ರೆಗಳನ್ನು ಬಸಿರಿಗೆ ಎಷ್ಟೋ ಮೊದಲೇ ನಿಲ್ಲಿಸಬೇಕಾಗುತ್ತದೆ, ಹಾಗಾಗಿ ಡಾಕ್ಟರಿಗೆ ಮುಂಚೆಯೇ ಹೇಳಿ.

"ಬೇಸಿಗೆ ಬಂದ್ರೆ ಕಾಲು ಎಳೆಯುತ್ತೆ. ಕಾಯಿಲೆ ಜಾಸ್ತಿ ಆಯ್ತಾ?"

ಕಲಬುರಗಿ, ರಾಯಚೂರು ಕಡೆಯವರು ಏಪ್ರಿಲ್‌ನಲ್ಲಿ ತಪ್ಪದೆ ಕೇಳುವ ಪ್ರಶ್ನೆ. ಮೈ ಬಿಸಿಯಾದರೆ ಹೊದಿಕೆ ಹೋದ ನರಗಳಲ್ಲಿ ಸಂದೇಶ ಇನ್ನೂ ನಿಧಾನವಾಗುತ್ತದೆ. ಉಥೋಫ್ ಅನ್ನೋ ಕಣ್ಣಿನ ವೈದ್ಯರು 1890ರಲ್ಲೇ ಇದನ್ನು ಗಮನಿಸಿದ್ದರು, ಅವರ ಹೆಸರಲ್ಲೇ ಇದನ್ನು ಕರೆಯುತ್ತಾರೆ. ಮೈ ತಣ್ಣಗಾದರೆ ತೊಂದರೆಯೂ ಇಳಿಯುತ್ತದೆ, ಹೊಸ ಹಾನಿ ಆಗಿರಲ್ಲ. ಸುಡುವ ನೀರಿನ ಎಣ್ಣೆಸ್ನಾನ, ಮಧ್ಯಾಹ್ನದ ಬಿಸಿಲು, ಒಲೆ ಮುಂದೆ ಗಂಟೆಗಟ್ಟಲೆ ನಿಲ್ಲೋದು ಬೇಡ. ಕುತ್ತಿಗೆಗೆ ಒದ್ದೆ ಟವೆಲ್ ಹಾಕಿಕೊಂಡರೆ ನಿಜವಾಗಿಯೂ ಹಾಯೆನಿಸುತ್ತದೆ.

ಹೊಸ ತೊಂದರೆ ಒಂದು ದಿನಕ್ಕಿಂತ ಹೆಚ್ಚು ಬಿಡದೆ ಇದ್ದು, ಜ್ವರವಾಗಲೀ ಮೂತ್ರದ ಸೋಂಕಾಗಲೀ ಇಲ್ಲದಿದ್ದರೆ ಅದು ಅಟ್ಯಾಕ್ ಇರಬಹುದು. ಆಗ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

"ಒಬ್ಬರು ಎಂಎಸ್ ಅಂತಾರೆ, ಇನ್ನೊಬ್ಬರು ಎನ್‌ಎಂಓ ಅಂತಾರೆ. ಎರಡೂ ಒಂದೇನಾ?"

ಒಂದೇ ಅಲ್ಲ. ಎನ್‌ಎಂಓ, ಅಂದರೆ ನ್ಯೂರೋಮೈಲೈಟಿಸ್ ಆಪ್ಟಿಕಾ ಕೂಡ ಕಣ್ಣಿನ ನರ, ಬೆನ್ನುಹುರಿಗೇ ಬರುತ್ತದೆ, ಆದರೆ ದಾರಿ ಬೇರೆ. ಅಕ್ವಾಪೊರಿನ್-4 ಅನ್ನೋ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ. ಎಂಎಸ್‌ಗೆ ಕೊಡುವ ಕೆಲವು ಔಷಧಿಗಳು ಎನ್‌ಎಂಓವನ್ನು ಉಲ್ಬಣಿಸಬಹುದು, ಹಾಗಾಗಿ ಈ ಪರೀಕ್ಷೆ ಆಗಿದೆಯಾ ಅಂತ ಧೈರ್ಯವಾಗಿ ಕೇಳಿ. ಈ ವಿಷಯದಲ್ಲಿ ಮಂಗಳೂರಿನಲ್ಲಿ ಒಳ್ಳೆಯ ಕೆಲಸ ಆಗಿದೆ. ಆ ಊರಿನಲ್ಲಿ ಮಾಡಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು ಎಂಟು ಜನಕ್ಕೆ ಎಂಎಸ್ ಕಂಡುಬಂದಿತ್ತು. "ಇದು ಫಾರಿನ್‌ನವರ ಕಾಯಿಲೆ" ಅನ್ನುವವರಿಗೆ ಇಷ್ಟು ಹೇಳಿ ಸಾಕು.

"ಆರು ತಿಂಗಳಿಂದ ಆರಾಮಾಗಿದ್ದೀನಿ. ಔಷಧಿ ನಿಲ್ಲಿಸಿಬಿಡ್ಲಾ?"

ಸುಮ್ನೆ ನಿಲ್ಲಿಸಬೇಡಿ. ಈ ಔಷಧಿಗಳು ಇರುವ ತೊಂದರೆ ವಾಸಿ ಮಾಡಲ್ಲ, ಮುಂದಿನ ಅಟ್ಯಾಕ್ ತಡೆಯುತ್ತವೆ. ಆರಾಮಾಗಿರುವುದು ಔಷಧಿ ಕೆಲಸ ಮಾಡುತ್ತಿದೆ ಅನ್ನೋದಕ್ಕೆ ಗುರುತೂ ಇರಬಹುದು. ಕೆಲವು ಔಷಧಿಗಳನ್ನು ತಟ್ಟನೆ ಬಿಟ್ಟರೆ ಕಾಯಿಲೆ ಜೋರಾಗಿ ಮರಳುತ್ತದೆ. ದುಡ್ಡಿನ ತೊಂದರೆಯಿಂದ ನಿಲ್ಲಿಸುವ ಯೋಚನೆ ಇದ್ದರೆ ಅದನ್ನೇ ಬಾಯಿಬಿಟ್ಟು ಹೇಳಿ. ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಗಳಲ್ಲಿ ಖರ್ಚು ಖಾಸಗಿಗಿಂತ ಎಷ್ಟೋ ಕಡಿಮೆ. 1985ರಲ್ಲಿ ಶುರುವಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾಕ್ಕೆ ಬೆಂಗಳೂರಿನಲ್ಲೂ ಶಾಖೆ ಇದೆ, ಅಲ್ಲೂ ವಿಚಾರಿಸಿ.

## ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್

"ನಾನು ನಡೀತೀನಿ, ಕೆಲಸಕ್ಕೂ ಹೋಗ್ತೀನಿ. ನನಗೆ ಅಂಗವಿಕಲರ ಸರ್ಟಿಫಿಕೇಟ್ ಕೊಡ್ತಾರಾ?"

ಕೇಳುವ ಹಕ್ಕಂತೂ ಇದೆ. 1995ರ ಹಳೆಯ ಕಾನೂನಿನಲ್ಲಿ ಎಂಎಸ್ ಹೆಸರೇ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ದೀರ್ಘಕಾಲದ ನರಸಂಬಂಧಿ ಕಾಯಿಲೆಗಳೂ ಸೇರಿವೆ, ಅದರಡಿ ಎಂಎಸ್ ಮತ್ತು ಪಾರ್ಕಿನ್ಸನ್ ಎರಡನ್ನೂ ಹೆಸರು ಹೇಳಿಯೇ ಬರೆದಿದ್ದಾರೆ. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಕೌಂಟರಿನಲ್ಲಿ "ಇದೆಲ್ಲಾ ಲಿಸ್ಟಲ್ಲಿ ಇಲ್ಲ" ಅಂದರೆ ಕಾಯ್ದೆಯ ಕೊನೆಯಲ್ಲಿರುವ ಪಟ್ಟಿಯ ಜೆರಾಕ್ಸ್ ತೋರಿಸಿ. ನನ್ನ ಫೈಲಿನಲ್ಲಿ ಮೊದಲ ಹಾಳೆಯೇ ಅದು.

ಆದರೆ ಕಾಯಿಲೆ ಇದ್ದ ಮಾತ್ರಕ್ಕೆ ಸೌಲಭ್ಯ ಇಲ್ಲ. ಹೆಚ್ಚಿನವುಗಳಿಗೆ ವೈಕಲ್ಯದ ಪ್ರಮಾಣ ಶೇ 40 ಆಗಲೇಬೇಕು.

"ಅರ್ಜಿ ಎಲ್ಲಿ ಹಾಕ್ಬೇಕು?"

ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ, ಆನ್‌ಲೈನ್. 2021ರ ಜೂನ್‌ನಿಂದ ಪ್ರಮಾಣಪತ್ರ ಅದರ ಮೂಲಕವೇ ಬರುತ್ತದೆ, ಪುಸ್ತಕದಲ್ಲಿ ಬರೆದುಕೊಡುವ ಕಾಲ ಹೋಯಿತು. ಆಧಾರ್, ಫೋಟೋ, ವಿಳಾಸದ ದಾಖಲೆ, ಆಸ್ಪತ್ರೆ ಕಾಗದಗಳು ಬೇಕು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಜನ ಅವರನ್ನು ವಿಆರ್‌ಡಬ್ಲ್ಯೂ ಅಂತಾರೆ. ಬಹುತೇಕ ಅವರೂ ಅಂಗವಿಕಲರೇ, ಕಷ್ಟ ಗೊತ್ತಿರುತ್ತದೆ. ಆಮೇಲೆ ನಿಗದಿಯಾದ ದಿನ ಆಸ್ಪತ್ರೆಗೆ ಹೋಗಿ ವೈದ್ಯರ ಬೋರ್ಡಿನ ಮುಂದೆ ತಪಾಸಣೆ ಮಾಡಿಸಿಕೊಳ್ಳಬೇಕು. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡು ಮೂರು ಬಣ್ಣದಲ್ಲಿ ಬರುತ್ತದೆ: ಶೇ 40ಕ್ಕಿಂತ ಕಡಿಮೆಗೆ ಬಿಳಿ, ಅಲ್ಲಿಂದ 80ರವರೆಗೆ ಹಳದಿ, ಅದರ ಮೇಲೆ ನೀಲಿ.

"ಬೋರ್ಡಿನ ಮುಂದೆ ಏನು ಹೇಳ್ಬೇಕು? ಆವತ್ತು ನಾನು ಚೆನ್ನಾಗಿದ್ರೆ?"

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಜನ ಎಡವುವುದೂ ಇಲ್ಲೇ.

ಡಾಕ್ಟರ ಕೈಯಲ್ಲಿರುವುದು ಹತ್ತು ನಿಮಿಷ. ಕೈ ಒತ್ತಿ ನೋಡುತ್ತಾರೆ, ಕಾಲು ಎತ್ತಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಬೆಂಚಿನ ಮೇಲೆ ಎರಡು ಗಂಟೆ ಕೂತು ದಣಿವಾರಿಸಿಕೊಂಡವರು ಆ ನಾಲ್ಕು ಹೆಜ್ಜೆಯನ್ನು ಚೆನ್ನಾಗಿಯೇ ಇಡುತ್ತಾರೆ. ಒಂದು ಆಸ್ಪತ್ರೆಯಲ್ಲಿ ನನಗೆ "ಮೆಟ್ಟಿಲು ಹತ್ತಿ ಬಂದಿದ್ದೀರಲ್ಲಮ್ಮ, ಇನ್ನೇನು?" ಅಂದರು. ಆವತ್ತು ಅಲ್ಲಿ ಲಿಫ್ಟ್ ಕೆಟ್ಟಿತ್ತು.

ಹಾಗಾಗಿ ನಿಮ್ಮ ಕೆಟ್ಟ ದಿನವನ್ನು ಕಾಗದದ ಮೇಲೆ ತೆಗೆದುಕೊಂಡು ಹೋಗಿ. ನಿಮ್ಮನ್ನು ಹಲವು ಸಲ ನೋಡಿದ ನರರೋಗ ತಜ್ಞರಿಂದ ಪತ್ರ ಬರೆಸಿ. "ಎಂಎಸ್ ಇದೆ" ಅಂತ ಒಂದು ಸಾಲು ಬರೆದರೆ ಪ್ರಯೋಜನವಿಲ್ಲ. ಯಾವ ವರ್ಷದಿಂದ, ಎಷ್ಟು ಅಟ್ಯಾಕ್, ಯಾವ ಕಾಲಿನ ಶಕ್ತಿ ಎಷ್ಟು ಗ್ರೇಡ್, ನಿಲ್ಲದೆ ಎಷ್ಟು ದೂರ ನಡೆಯಬಲ್ಲರು, ಮೂತ್ರದ ತೊಂದರೆ, ಕಣ್ಣಿನ ದೃಷ್ಟಿ, ಇಡಿಎಸ್‌ಎಸ್ ಅಂಕ (ಎಂಎಸ್ ತೊಂದರೆ ಎಷ್ಟಿದೆ ಅಂತ ಅಳೆಯುವ ಅಂಕ), ಇವೆಲ್ಲ ಇರಬೇಕು. ಎಂಆರ್‌ಐ ಫಿಲ್ಮ್ ಜೊತೆಗಿರಲಿ, ಆದರೆ ಅದೊಂದನ್ನೇ ನಂಬಬೇಡಿ. ಬಿಳಿ ಚುಕ್ಕೆ ನೋಡಿ ಯಾರೂ ಶೇಕಡಾ ಹಾಕಲ್ಲ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಎರಡು ಸಾಲು ಬರೆದಿಡಿ: ಎಲ್ಲಿ ಬಿದ್ದಿರಿ, ಯಾವ ಕೆಲಸ ಅರ್ಧಕ್ಕೆ ನಿಂತಿತು, ಯಾರ ಸಹಾಯ ಬೇಕಾಯ್ತು.

ದಿನಾ ಕೋಲು ಬಳಸುವವರು ಆವತ್ತು ಮಾತ್ರ ನಾಚಿಕೆಯಿಂದ ಕೋಲು ಮನೆಯಲ್ಲಿಟ್ಟು ಹೋಗುತ್ತಾರೆ. ದಯವಿಟ್ಟು ಒಯ್ಯಿರಿ. "ಹೇಗಿದ್ದೀರಿ?" ಅಂದರೆ ಅಭ್ಯಾಸಬಲದಿಂದ "ಚೆನ್ನಾಗಿದ್ದೀನಿ ಸಾರ್" ಅನ್ನಬೇಡಿ. ಕಾರಿಡಾರಿನಲ್ಲಿ ನಾಲ್ಕು ಸಲ ಓಡಾಡಿ ಬರ್ತೀನಿ, ಆಮೇಲೆ ನೋಡಿ ಅಂತ ಕೇಳಿಕೊಳ್ಳಿ. ಇಲ್ಲದ್ದನ್ನು ಸೇರಿಸಬೇಡಿ, ಇರುವುದನ್ನು ಮುಚ್ಚಿಡಲೂ ಬೇಡಿ.

"ಕಾಲಿಗೂ ತೊಂದರೆ, ಕಣ್ಣಿಗೂ ತೊಂದರೆ. ಶೇಕಡಾ ಹೇಗೆ ಕೂಡಿಸ್ತಾರೆ?"

ನೇರವಾಗಿ ಕೂಡಿಸಲ್ಲ. ಕಾಲಿಗೆ 40, ಕಣ್ಣಿಗೆ 30 ಅಂತಿಟ್ಟುಕೊಳ್ಳಿ. (ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ಸಿಗುವುದು 30.) ಒಟ್ಟು 70 ಆಗಲ್ಲ. ದೊಡ್ಡ ಅಂಕ 40. 90ರಲ್ಲಿ ಅದನ್ನು ಕಳೆದರೆ 50. ಅದನ್ನು ಚಿಕ್ಕ ಅಂಕ 30ರಿಂದ ಗುಣಿಸಿ 90ರಿಂದ ಭಾಗಿಸಿದರೆ ಸುಮಾರು 17. ಎರಡೂ ಸೇರಿ 57. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಈ ಸೂತ್ರ ಇದೆ. ನಿಮಗೆ ಒಂದೇ ಅಂಗವನ್ನು ನೋಡಿ ಅಂಕ ಹಾಕಿದ್ದರೆ ಕಣ್ಣಿನ ಪರೀಕ್ಷೆಯೂ ಆಗಲಿ ಅಂತ ಕೇಳಬಹುದು.

ಸುಸ್ತಿಗೆ ಎಷ್ಟು ಅಂಕ ಅಂತ ಕೇಳುತ್ತೀರಿ. ಅಳೆಯುವುದು ಕೈಕಾಲಿನ ಶಕ್ತಿ, ಕಣ್ಣಿನ ದೃಷ್ಟಿ ಇಂಥವನ್ನೇ. ನಮ್ಮನ್ನು ಮಲಗಿಸುವ ತೊಂದರೆ ಲೆಕ್ಕದ ಹೊರಗೇ ಉಳಿಯುತ್ತದೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಸದ್ಯಕ್ಕೆ ಮಾಡಬಹುದಾದ್ದು ಒಂದೇ: ಸುಸ್ತಿನಿಂದ ನಡಿಗೆ ಎಷ್ಟು ಕುಗ್ಗುತ್ತದೆ ಅನ್ನುವುದನ್ನು ಪತ್ರದಲ್ಲಿ ಮೀಟರ್ ಲೆಕ್ಕದಲ್ಲಿ ಬರೆಸುವುದು.

"35 ಕೊಟ್ಟಿದ್ದಾರೆ. ಮುಗೀತಾ?"

ಇಲ್ಲ. ಕಾಯ್ದೆಯಲ್ಲೇ ಮೇಲ್ಮನವಿಗೆ ಅವಕಾಶ ಇದೆ. ತಡ ಮಾಡದೆ ಹಾಕಿ, ಜೊತೆಗೆ ಹೊಸ ಪತ್ರ ಇರಲಿ. ಅದೇ ಹಳೆ ಕಾಗದ ಇಟ್ಟರೆ ಅದೇ ಉತ್ತರ ಬರುತ್ತದೆ. ಮುಂದೆ ಕಾಯಿಲೆ ಹೆಚ್ಚಾದರೆ ಮತ್ತೆ ತಪಾಸಣೆಗೂ ಅರ್ಜಿ ಹಾಕಬಹುದು. ಬಿಳಿ ಕಾರ್ಡನ್ನು ಎಸೆಯಬೇಡಿ, ಅದರ ಉಪಯೋಗ ಕೆಳಗೆ ಪರೀಕ್ಷೆಯ ಪ್ರಶ್ನೆಯಲ್ಲಿದೆ.

"ಕೆಲವೇ ವರ್ಷಕ್ಕೆ ಅಂತ ಕೊಟ್ಟಿದ್ದಾರೆ. ಈ ಕಾಯಿಲೆ ವಾಸಿ ಆಗುತ್ತೇನು?"

ವಾಸಿ ಆಗಲ್ಲ, ಆದರೆ ಏರಿಳಿತ ಇದೆ. ಬದಲಾಗುವ ಸಾಧ್ಯತೆ ಇದ್ದರೆ ತಾತ್ಕಾಲಿಕ ಪ್ರಮಾಣಪತ್ರ ಕೊಡಲು ನಿಯಮ ಬಿಡುತ್ತದೆ. ಅವಧಿ ಮುಗಿಯುವ ಕೆಲವು ತಿಂಗಳು ಮೊದಲೇ ನವೀಕರಣಕ್ಕೆ ಹಾಕಿ, ಇಲ್ಲದಿದ್ದರೆ ಪಿಂಚಣಿ ನಡುವೆ ನಿಲ್ಲುತ್ತದೆ.

"ಒಬ್ಬರು ದುಡ್ಡು ಕೊಟ್ರೆ 75 ಮಾಡಿಸಿಕೊಡ್ತೀನಿ ಅಂತಿದ್ದಾರೆ."

ಬೇಡ. ಮೋಸದಿಂದ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗಬಹುದು. ಸಿಕ್ಕಿಬೀಳುವವರು ನೀವು, ಅವರಲ್ಲ.

## ಸೌಲಭ್ಯಗಳು

"ತಿಂಗಳಿಗೆ ಏನಾದ್ರೂ ಸಿಗುತ್ತಾ?"

ಅಂಗವಿಕಲರ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಶೇ 40 ದಾಟಿದವರಿಗೆ ಒಂದು ಮೊತ್ತ, 75 ದಾಟಿದವರಿಗೆ ಅದಕ್ಕಿಂತ ಜಾಸ್ತಿ. ಕುಟುಂಬದ ಆದಾಯಕ್ಕೆ ಮಿತಿ ಇದೆ, ಹಾಗಾಗಿ ಆದಾಯ ಪ್ರಮಾಣಪತ್ರ ಮೊದಲು ಮಾಡಿಸಿಕೊಳ್ಳಿ. ಸಿಗುವ ದುಡ್ಡು ಔಷಧಿಗೆ ಸಾಲದು, ಅದು ನಿಜ.

ಬಹಳ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮತ್ತು ಎಂಎಸ್ ಇರುವವರನ್ನು ನೋಡಿಕೊಳ್ಳುವವರಿಗೆ ರಾಜ್ಯ ಸರ್ಕಾರ ತಿಂಗಳಿಗೆ 1,000 ರೂಪಾಯಿ ಆರೈಕೆದಾರರ ಭತ್ಯೆ ಘೋಷಿಸಿದೆ. ಯಾರಿಗೆ, ಯಾವ ಷರತ್ತಿಗೆ ಅನ್ನೋದನ್ನು ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ಕೇಳಿ. "ನಮಗೆ ಗೊತ್ತಿಲ್ಲ" ಅಂದರೆ ಲಿಖಿತ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಳ್ಳಿ.

"ಬಸ್, ರೈಲಲ್ಲಿ ರಿಯಾಯಿತಿ?"

ಕೆಎಸ್‌ಆರ್‌ಟಿಸಿಯ ಅಂಗವಿಕಲರ ಪಾಸ್ ವಾಸಸ್ಥಳದಿಂದ 100 ಕಿ.ಮೀ. ಒಳಗೆ ನಡೆಯುತ್ತದೆ. ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದ್ದೇ ಇದೆ. ರೈಲಿನ ಪಟ್ಟಿಯಲ್ಲಿ ಎಂಎಸ್ ಅಂತ ಪ್ರತ್ಯೇಕ ಹೆಸರಿಲ್ಲ. ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾಗದ ಚಲನ ವೈಕಲ್ಯ ಅಂತ ಪ್ರಮಾಣೀಕರಿಸಿದ್ದರೆ ನಿಮಗೂ ಜೊತೆಗಾರರಿಗೂ ರಿಯಾಯಿತಿ ಇದೆ.

"ಇನ್ಕಮ್ ಟ್ಯಾಕ್ಸ್‌ನಲ್ಲಿ?"

ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 80ಯು ಅಂತ ಎಲ್ಲರೂ ಕರೆಯುವ ಕಡಿತ ಶೇ 40 ದಾಟಿದರೆ 75,000, 80 ದಾಟಿದರೆ 1,25,000. ನಿಮ್ಮನ್ನು ಸಾಕುವ ಗಂಡನಿಗೋ ಅಪ್ಪನಿಗೋ 80ಡಿಡಿಯಲ್ಲಿ ಅಷ್ಟೇ ಮೊತ್ತ. ಇಲ್ಲೂ ಚಲನ ವೈಕಲ್ಯದ ದಾರಿಯೇ ಸುಲಭ, ಹಾಗಾಗಿ ಪ್ರಮಾಣಪತ್ರದಲ್ಲಿ ಎಂಎಸ್ ಜೊತೆಗೆ ಅದೂ ದಾಖಲಾಗಿದೆಯಾ ನೋಡಿ.

"ಇನ್ಶೂರೆನ್ಸ್‌ನವರು ಆಗಲ್ಲ ಅಂದುಬಿಟ್ರು."

ಹೊಸ ವೈಯಕ್ತಿಕ ಪಾಲಿಸಿ ಕಷ್ಟವೇ. ಕಂಪನಿಯ ಗ್ರೂಪ್ ಪಾಲಿಸಿ ಇದ್ದರೆ ಅದನ್ನು ಬಿಡಬೇಡಿ. ನೌಕರರ ವಿಮೆ ಇಎಸ್‌ಐಗೆ ತಿಂಗಳ ಸಂಬಳದ ಮಿತಿ 21,000, ಅಂಗವಿಕಲ ನೌಕರರಿಗೆ 25,000. ಅಲ್ಲಿ ಹಳೆ ಕಾಯಿಲೆ ಅಂತ ಹೊರಗಿಡಲ್ಲ. ರೋಗ ಗೊತ್ತಾಗುವ ಮೊದಲೇ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಮಾಡಿಸಿದ್ದರೆ ಕಾಗದ ಹುಡುಕಿ ತೆಗೆಯಿರಿ. ತೊಂದರೆ ಉಳಿದುಕೊಂಡ ಎಂಎಸ್‌ಗೆ ಅಂಥ ಪಾಲಿಸಿಗಳಲ್ಲಿ ಪ್ರಮಾಣಿತ ವ್ಯಾಖ್ಯೆ ಇದೆ. ನ್ಯಾಷನಲ್ ಟ್ರಸ್ಟಿನ ನಿರಾಮಯ ಯೋಜನೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹು ವೈಕಲ್ಯಕ್ಕೆ. ಎಂಎಸ್ ಒಂದಕ್ಕೇ ಅಂತ ಸಿಗಲ್ಲ.

## ಕೆಲಸ ಮತ್ತು ಕಾನೂನು

"ಆಫೀಸಲ್ಲಿ ಹೇಳ್ಲಾ, ಬೇಡ್ವಾ?"

ಏನು ಬೇಕು ಅನ್ನೋದು ನಿಮಗೆ ಸ್ಪಷ್ಟವಾದ ಮೇಲೆ ಹೇಳಿ. ಸುಮ್ನೆ "ನನಗೆ ಎಂಎಸ್" ಅಂದರೆ ಕನಿಕರ ಸಿಗುತ್ತೆ, ಕುರ್ಚಿ ಸಿಗಲ್ಲ. ಟಾಯ್ಲೆಟ್ ಹತ್ತಿರದ ಜಾಗ, ಎರಡು ದಿನ ಮನೆಯಿಂದ ಕೆಲಸ, ಮಧ್ಯಾಹ್ನ ಇಪ್ಪತ್ತು ನಿಮಿಷ ವಿಶ್ರಾಂತಿ, ಹೀಗೆ ಹೆಸರಿಸಿ ಇಮೇಲ್‌ನಲ್ಲಿ ಕೇಳಿ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗೂ ಸಮಾನ ಅವಕಾಶ ನೀತಿ ಇರಲೇಬೇಕು. ಅದರ ಪ್ರತಿ ಕೇಳಿ ಓದಿ.

"ಸರ್ಕಾರಿ ನೌಕರಿಯಲ್ಲಿದ್ದೀನಿ. ಸ್ವಯಂ ನಿವೃತ್ತಿ ಬರ್ಕೊಡು ಅಂತ ಒತ್ತಾಯ ಮಾಡ್ತಿದ್ದಾರೆ."

ಬರೆದುಕೊಡಬೇಡಿ. 2016ರ ಕಾಯ್ದೆಯ 20ನೇ ಕಲಮು ಓದಿ. ಸೇವೆಯಲ್ಲಿರುವಾಗ ವೈಕಲ್ಯ ಬಂದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ಹುದ್ದೆ ಇಳಿಸುವ ಹಾಗಿಲ್ಲ. ಇರುವ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಇಲ್ಲದಿದ್ದರೆ ಸಿಗುವವರೆಗೆ ಅಥವಾ ನಿವೃತ್ತಿವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ನೀವಾಗಿಯೇ ರಾಜೀನಾಮೆ ಕೊಟ್ಟರೆ ಈ ರಕ್ಷಣೆ ಕೈಬಿಟ್ಟ ಹಾಗೆ. ಖಾಸಗಿ ಕೆಲಸಕ್ಕೆ ಈ ಕಲಮು ಅನ್ವಯಿಸಲ್ಲ.

"ಶೇ 4 ಮೀಸಲಾತಿ ನಮಗೂ ಇದೆಯಾ?"

ಉದ್ಯೋಗದಲ್ಲಿ ಎಂಎಸ್ ಹೆಸರಿನಲ್ಲಿ ಇಲ್ಲ. ಮೀಸಲಾತಿಯ 34ನೇ ಕಲಮಿನ ಪಟ್ಟಿಯಲ್ಲಿ ದೃಷ್ಟಿ, ಶ್ರವಣ, ಚಲನ ವೈಕಲ್ಯ ಮುಂತಾದವಿವೆ, ನರಸಂಬಂಧಿ ಕಾಯಿಲೆ ಅಂತ ಪ್ರತ್ಯೇಕವಾಗಿ ಇಲ್ಲ. ಕಾಲಿನ ತೊಂದರೆ ಚಲನ ವೈಕಲ್ಯ ಅಂತ ಪ್ರಮಾಣಿತವಾಗಿದ್ದರೆ ಆ ದಾರಿಯಲ್ಲಿ ಹೋಗಬಹುದು. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಶೇ 5 ಸೀಟು ಮಾತ್ರ ಶೇ 40 ದಾಟಿದ ಎಲ್ಲ ಬಗೆಯವರಿಗೂ.

"ಮಗನಿಗೆ ಪರೀಕ್ಷೆಯಲ್ಲಿ ಕೈ ನಡುಗುತ್ತೆ. 40 ಇಲ್ಲ ಅಂತ ಬರೆಯುವವರನ್ನ ಕೊಡ್ತಿಲ್ಲ."

2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಇದಕ್ಕೇ ಉತ್ತರ ಕೊಟ್ಟಿದೆ. ಅವರಿಗಿದ್ದದ್ದೂ ಬರೆಯುವಾಗ ಕೈ ಸೆಟೆದುಕೊಳ್ಳುವ ನರದ ತೊಂದರೆ. ಲಿಪಿಕಾರರ ಸೌಲಭ್ಯ ಶೇ 40 ಇದ್ದವರಿಗೆ ಮಾತ್ರ ಅನ್ನುವುದು ತಪ್ಪು ಅಂತ ಕೋರ್ಟ್ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟವಿರುವವರಿಗೆ ಮಾರ್ಗಸೂಚಿಯನ್ನೂ ಹೊರಡಿಸಿದೆ. ಬಿಳಿ ಕಾರ್ಡು, ಬರೆಯಲು ಆಗಲ್ಲ ಅನ್ನುವ ಸರ್ಕಾರಿ ವೈದ್ಯರ ಪ್ರಮಾಣಪತ್ರ ಎರಡನ್ನೂ ಪರೀಕ್ಷೆಗೆ ಸಾಕಷ್ಟು ಮೊದಲೇ ಕೊಡಿ.

"ಎಲ್ಲಾ ಕೊಟ್ಟರೂ ಯಾರೂ ಕೇಳ್ತಿಲ್ಲ. ಮುಂದೆ ಯಾರ ಹತ್ತಿರ ಹೋಗೋದು?"

ಸರ್ಕಾರಿ ಕಚೇರಿಯಾದರೆ ಮೊದಲು ಅಲ್ಲಿನ ಕುಂದುಕೊರತೆ ನಿವಾರಣಾ ಅಧಿಕಾರಿಗೆ ಬರೆಯಿರಿ, ಕಾಯ್ದೆ ಪ್ರಕಾರ ಒಬ್ಬರನ್ನು ನೇಮಿಸಿರಬೇಕು. ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿ. ಅವರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸಿಕೊಳ್ಳುವ ಸಿವಿಲ್ ಕೋರ್ಟಿನ ಅಧಿಕಾರ ಇದೆ. ದೂರು ಎರಡು ಪುಟ ಮೀರದಿರಲಿ. ತಾರೀಕಿನ ಪ್ರಕಾರ ಏನಾಯ್ತು, ನಿಮಗೆ ಬೇಕಾದ್ದು ಏನು, ಅಷ್ಟೇ ಬರೆಯಿರಿ. ಮೂಲ ಕಾಗದ ಯಾರಿಗೂ ಕೊಡಬೇಡಿ, ಸ್ಪೀಡ್ ಪೋಸ್ಟಿನ ರಸೀದಿ ಫೈಲಿನಲ್ಲಿಡಿ.